ಹಳೇ ರ‍್ಯಾಪ್ ಚಲೋನೋ, ಹೊಸಾದು ಚಲೋನೋ: ಜಗಳಕ್ಕೆ ಮೊದಲು ಹೀಗೊಮ್ಮೆ ಕೇಳಿ ನೋಡಿ

ನನ್ನ ಅಕ್ಕನ ಮಗ ಧಾರವಾಡದಲ್ಲಿ ಬಿಕಾಂ ಓದುತ್ತಾನೆ. ನಾನು ಹುಬ್ಬಳ್ಳಿಯಿಂದ ಕೆಲಸಕ್ಕೆ ಅಲ್ಲಿಗೇ ಹೋಗಬೇಕು. ಹೀಗಾಗಿ ದಿನಾ ಬೆಳಗ್ಗೆ ಇಬ್ಬರಿಗೂ ಹುಬ್ಬಳ್ಳಿ-ಧಾರವಾಡದ ನಡುವೆ ಓಡೋ ಒಂದೇ ಚಿಗರಿ ಬಸ್ಸು, ಒಂದೇ ಇಯರ್‌ಫೋನು. ಒಂದು ತುದಿ ಅವನ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಉಣಕಲ್ ಕೆರೆ ದಾಟೋದರೊಳಗೆ ಜಗಳ ಶುರು. ಅವನು ಹಾಕೋ ಹೊಸ ರ‍್ಯಾಪು ನನಗೆ ಯಾರೋ ನಿದ್ದೆಗಣ್ಣಲ್ಲಿ ಗೊಣಗಿದ ಹಾಗೆ ಕೇಳುತ್ತಿತ್ತು. ನಾನು ಹಾಕಿದ ಹಳೇದಕ್ಕೆ ಅವನು, "ಮಾಮಾ, ಇದು ಸಾಲ್ಯಾಗ ಪದ್ಯಾ ಒಪ್ಪಿಸಿದಂಗ ಐತಿ ನೋಡ" ಅಂತಿದ್ದ.

ಸುಮಾರು ಒಂದು ವರ್ಷ ಹೀಗೇ ಕಚ್ಚಾಡಿದ ಮೇಲೆ ಒಂದು ದಾರಿ ಸಿಕ್ಕಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಒಬ್ಬ ಅಳಿಯನೋ ಮಗಳೋ ಇದ್ದು, ನೀವೂ "ನಮ್ಮ ಕಾಲದ ರ‍್ಯಾಪೇ ರ‍್ಯಾಪು" ಅನ್ನೋ ಪೈಕಿ ಆಗಿದ್ದರೆ, ಅಥವಾ ನೀವೇ ಆ ಅಳಿಯ ಆಗಿದ್ದರೆ, ಒಂದು ವಾರ ಮಾಡಿ ನೋಡಿ. ಸಂಗೀತ ಕಲಿತಿರಬೇಕು ಅಂತೇನಿಲ್ಲ. ಕಿವಿ ಇರಬೇಕು, ಒಂದು ಕೈಯಲ್ಲಿ ನಾಲ್ಕು ಬೆರಳು ಇರಬೇಕು.

ಮೊದಲು ಜಾಗ ಕೇಳಿ

"ಈ ಹಾಡು ಚೆನ್ನಾಗಿದೆಯಾ" ಅಂತ ಮೊದಲೇ ಕೇಳಬೇಡಿ. "ಇದನ್ನ ಎಲ್ಲಿ ನಿಂತು ಕೇಳಲಿ ಅಂತ ಮಾಡಿದ್ದಾರೆ" ಅಂತ ಕೇಳಿ. ನನ್ನ ಪ್ರಕಾರ ಅರ್ಧ ಜಗಳ ಇಲ್ಲೇ ಮುಗಿಯುತ್ತದೆ.

ರ‍್ಯಾಪಿನ ಶುರುವಿಗೆ, 1973ರ ಆಗಸ್ಟ್ 11ಕ್ಕೆ ಹೋಗಿ. ನ್ಯೂಯಾರ್ಕಿನ ಬ್ರಾಂಕ್ಸ್, ಸೆಜ್‌ವಿಕ್ ಅವೆನ್ಯೂ, 1520ನೇ ನಂಬರಿನ ದೊಡ್ಡ ವಠಾರ. ಸಿಂಡಿ ಕ್ಯಾಂಪ್‌ಬೆಲ್ ಅನ್ನೋ ಹುಡುಗಿ ಶಾಲೆ ಶುರುವಾಗೋ ಮೊದಲು ಹೊಸ ಬಟ್ಟೆಗೆ ದುಡ್ಡು ಮಾಡಿಕೊಳ್ಳೋಣ ಅಂತ ಅಲ್ಲಿನ ಹಾಲಿನಲ್ಲಿ ಪಾರ್ಟಿ ಇಟ್ಟಳು. ರೆಕಾರ್ಡು ಹಾಕಿದ್ದು ಅವಳ ಅಣ್ಣ ಕ್ಲೈವ್, ಅಂದರೆ ಡಿಜೆ ಕೂಲ್ ಹರ್ಕ್. ಹುಟ್ಟಿದ್ದು ಜಮೈಕಾದಲ್ಲಿ. ಹಾಡು ನಿಂತು ಬರೀ ಡ್ರಮ್ಮು ಬರೋ ಜಾಗದಲ್ಲೇ ಜನ ಜಾಸ್ತಿ ಕುಣೀತಾರೆ ಅನ್ನೋದನ್ನ ಅವನು ಗಮನಿಸಿದ್ದ. ಅದಕ್ಕೆ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಇದರಲ್ಲಿ ಡ್ರಮ್ಮಿನ ತುಂಡು ಮುಗೀತಿದ್ದ ಹಾಗೆ ಅದರಲ್ಲಿ ಶುರು ಮಾಡಿ ಆ ತುಂಡನ್ನೇ ಎಳೆಯೋದು ರೂಢಿ ಮಾಡಿಕೊಂಡ. ಮೈಕಿನಲ್ಲಿ ಬರ್ತಾ ಇದ್ದದ್ದು ಗೆಳೆಯರ ಹೆಸರು, ಒಂದಿಷ್ಟು ಹುರುಪಿನ ಮಾತು, ಅಷ್ಟೇ. ಅಲ್ಲಿ ಮಾತಿನ ಕೆಲಸ ಕಾಲು ನಿಲ್ಲದ ಹಾಗೆ ನೋಡಿಕೊಳ್ಳೋದು.

1979ರಲ್ಲಿ ಶುಗರ್‌ಹಿಲ್ ಗ್ಯಾಂಗಿನ 'ರ‍್ಯಾಪರ್ಸ್ ಡಿಲೈಟ್' ಬಂತು. ಅದರ ಉದ್ದದ ಆವೃತ್ತಿ ಹದಿನಾಲ್ಕು ನಿಮಿಷ ದಾಟುತ್ತದೆ. ನಮ್ಮ ಹುಡುಗ ಅದನ್ನ ಕೇಳಿ "ಎಷ್ಟ್ ಎಳೀತಾರೋ ಮಾರಾಯ" ಅಂದ. ಎಳೀಲೇಬೇಕು. ಕುಣಿಯೋರಿಗೆ ಮಾಡಿದ್ದು ಅದು, ಸೀಟಿನಲ್ಲಿ ಕೂತು ಬೆರಳಲ್ಲಿ ಮುಂದಿನ ಹಾಡಿಗೆ ತಳ್ಳೋರಿಗೆ ಅಲ್ಲ.

ಇದು ನಮಗೆ ಹೊಸದಲ್ಲ. ನಮ್ಮ ಕಡೆ ಗೀಗೀ ಪದ, ಎರಡು ಮೇಳ ಎದುರುಬದುರು ನಿಂತು ಹಾಡೋ ಹರದೇಶಿ-ನಾಗೇಶಿ ಕಟ್ಟೆಯ ಮುಂದೆ ರಾತ್ರಿಯಿಡೀ ನಡೀತಿತ್ತು. ಕೊನೇ ಸಾಲಿನ ಅಜ್ಜನಿಗೂ ಮುಟ್ಟಬೇಕು, ಅದಕ್ಕೇ ಒಂದೇ ಸಾಲು ತಿರುಗಿ ತಿರುಗಿ ಬರುತ್ತಿತ್ತು. ಅದೇ ಮೇಳ ಕ್ಯಾಸೆಟ್ಟಿಗೆ ಹೋದಾಗ ಒಂದು ಮಗ್ಗುಲಿಗೆ ಅರ್ಧ ಗಂಟೆ ಅಂತಾಯಿತು, ಪದ ಮೊಟಕಾಯಿತು. ಈಗ ಅದೇ ಜಾನಪದ ಟ್ರ್ಯಾಕ್ಟರ್ ಮೇಲಿನ ಡಿಜೆ ಪೆಟ್ಟಿಗೆಗಳಿಂದ ಬರುತ್ತದೆ, ಗಣಪತಿ ಕಳಿಸೋ ದಿನ ಎದೆಗೂಡಿಗೇ ಬಡಿಯುತ್ತದೆ. ಕೇಳೋ ಜಾಗ ಬದಲಾದ ಹಾಗೆ ಪದಾನೂ ಬದಲಾಯಿತು. (ಹಾಗಂತ "ರ‍್ಯಾಪು ನಮ್ಮ ಲಾವಣಿಯಿಂದಲೇ ಹೋಗಿದ್ದು" ಅನ್ನೋ ಬುರುಡೆ ಬಿಡಬೇಡಿ. ಅದರ ಬೇರು ಬೇರೆ. ಹೋಲಿಕೆ ಇದ್ದರೆ ನೆಂಟಸ್ತನ ಇದೆ ಅಂತ ಅಲ್ಲ.)

ಈ ಪ್ರಶ್ನೆ ಹಿಡಿದುಕೊಂಡು ಮುಂದಕ್ಕೆ ಬನ್ನಿ. 1992ರ ಡಾಕ್ಟರ್ ಡ್ರೇ ಆಲ್ಬಂ 'ದಿ ಕ್ರಾನಿಕ್' ಕಾರಿನದ್ದು. ಲಾಸ್ ಏಂಜಲೀಸಿನ ಅಗಲ ರಸ್ತೆ, ನಿಧಾನದ ಗಾಡಿ, ಹಿಂದೆ ದೊಡ್ಡ ಸ್ಪೀಕರ್ ಅಂತ ಊಹಿಸಿಕೊಂಡು ಕೇಳಿ, ತಾನೇ ಒಗ್ಗುತ್ತದೆ. 1994ರ ನಾಸ್ ಆಲ್ಬಂ 'ಇಲ್‌ಮ್ಯಾಟಿಕ್' ಕಿವಿಗೆ ವಾಕ್‌ಮನ್ ಸಿಕ್ಕಿಸಿಕೊಂಡು ಒಬ್ಬನೇ ಕೇಳೋ ಪೈಕಿ. ಹತ್ತು ಟ್ರ್ಯಾಕು, ನಲವತ್ತು ನಿಮಿಷದ ಒಳಗೆ. ಹುಬ್ಬಳ್ಳಿಯಲ್ಲಿ ಹತ್ತಿದಾಗ ಹಾಕಿದರೆ ಜುಬಿಲಿ ಸರ್ಕಲ್ ಹೊತ್ತಿಗೆ ಮುಗಿದಿರುತ್ತದೆ, ಟ್ರಾಫಿಕ್ ಇದ್ದರೆ ಮೊದಲ ಹಾಡು ಇನ್ನೊಮ್ಮೆ.

ಆಮೇಲೆ ಫೋನು. ಸ್ಟ್ರೀಮಿಂಗ್‌ನಲ್ಲಿ ಸಾಮಾನ್ಯವಾಗಿ 30 ಸೆಕೆಂಡು ಕೇಳಿದರೆ ಒಂದು ಸಲ ಕೇಳಿದ ಲೆಕ್ಕ, ಆ ಲೆಕ್ಕದ ಮೇಲೇ ದುಡ್ಡು. ಉದ್ದದ ಹಾಡಿಗೂ ಒಂದೇ, ಗಿಡ್ಡದಕ್ಕೂ ಒಂದೇ. ಅಂದ ಮೇಲೆ ಉದ್ದ ಯಾಕೆ ಮಾಡ್ತಾರೆ ಹೇಳಿ? 2019ರಲ್ಲಿ ಬಿಲ್‌ಬೋರ್ಡ್ ಹಾಡುಗಳ ಪಟ್ಟಿಯ ತುದಿಯಲ್ಲಿ 19 ವಾರ ಕೂತ ಲಿಲ್ ನಾಸ್ ಎಕ್ಸ್ ಹಾಡು 'ಓಲ್ಡ್ ಟೌನ್ ರೋಡ್' ಮೊದಲು ಬಂದಾಗ ಎರಡು ನಿಮಿಷ ಕೂಡ ಇರಲಿಲ್ಲ. ಹದಿನಾಲ್ಕು ನಿಮಿಷದ್ದನ್ನೂ ಎರಡು ನಿಮಿಷದ್ದನ್ನೂ ಒಂದೇ ತಕ್ಕಡಿಗೆ ಹಾಕಿ "ಈಗಿನವರಿಗೆ ತಾಳ್ಮೆ ಇಲ್ಲ" ಅಂದರೆ ಅದು ಹಾಡಿನ ಮಾತಲ್ಲ, ನಮ್ಮ ವಯಸ್ಸಿನ ಮಾತು.

ಪ್ರಾಸ ಎಲ್ಲಿ ಬೀಳುತ್ತದೆ ನೋಡಿ

ಇದು ನನಗೆ ಭಾಳ ಇಷ್ಟದ ಭಾಗ, ಸ್ವಲ್ಪ ಜಾಸ್ತಿ ಹೊತ್ತು ಕೂರೋಣ. ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳನ್ನ ಒಂದೊಂದಾಗಿ ಮುಟ್ಟುತ್ತಾ ತಾಳಕ್ಕೆ ಎಣಿಸಿ. ಒಂದು, ಎರಡು, ಮೂರು, ನಾಕು. ಮತ್ತೆ ಒಂದು. ಈಗ ಪ್ರಾಸ ಯಾವ ಬೆರಳ ಮೇಲೆ ಬಿತ್ತು ಅಂತ ಗಮನಿಸಿ.

ಇಂಗ್ಲಿಷ್ ಹಾಡಲ್ಲಿ ಇದು ಮೊದಲ ದಿನವೇ ಹಿಡಿಯೋದು ಕಷ್ಟ. ಅದಕ್ಕೆ ನಾವೇ ಎರಡೆರಡು ಸಾಲು ಕಟ್ಟಿಕೊಂಡೆವು, ಗಿರಮಿಟ್ಟಿನ ಮೇಲೆ. 1980ರ ಆಸುಪಾಸಿನ ನಡೆ ಹೀಗಿರುತ್ತದೆ:

ದುರ್ಗದ ಬೈಲಾಗ ಗಿರಮಿಟ್ಟ ತಿಂದೆ
ಖಾರ ಹತ್ತಿ ಕಣ್ಣಾಗ ನೀರ ತಂದೆ

ಪ್ರಾಸ ಸಾಲಿನ ಕೊನೆಗೆ, ಸರಿಯಾಗಿ ನಾಲ್ಕನೇ ಬೆರಳ ಮೇಲೆ. ಸಾಲು ಮುಗಿಯೋ ಮೊದಲೇ ಮುಂದೇನು ಅಂತ ಗೊತ್ತಾಗುತ್ತದೆ. ಗುಂಪಿನಲ್ಲಿ ಎಲ್ಲರೂ ಸೇರಿ ಕೂಗಲಿಕ್ಕೆ ಇದಕ್ಕಿಂತ ಚಲೋ ಇಲ್ಲ. ಸಾಲಿ ಪದ್ಯ ಅಂತ ಹುಡುಗ ಹೇಳಿದ್ದು ಇದಕ್ಕೇ, ಸುಳ್ಳಲ್ಲ ಬಿಡಿ.

ಆಮೇಲೆ ರಕೀಮ್ ಅನ್ನೋ ರ‍್ಯಾಪರ್ ಬಂದ. 1987ರಲ್ಲಿ ಡಿಜೆ ಎರಿಕ್ ಬಿ ಜೊತೆ ಮಾಡಿದ 'ಪೇಡ್ ಇನ್ ಫುಲ್' ಕೇಳಿದರೆ ಪ್ರಾಸ ಸಾಲಿನ ಹೊಟ್ಟೆಯೊಳಗೆ ಬಂದಿರೋದು ಗೊತ್ತಾಗುತ್ತದೆ. ಕೂಗಾಟ ಇಲ್ಲ, ತಣ್ಣಗೆ ಮಾತಾಡುತ್ತಾನೆ. ನಮ್ಮ ಗಿರಮಿಟ್ಟಿಗೆ ಹಾಕಿದರೆ:

ರೊಕ್ಕಾ ಕೊಟ್ಟು ಗಿರಮಿಟ್ಟು ಕಟ್ಟಿಸಿ ಪೊಟ್ಟಣ ಬಿಚ್ಚಿ ನೋಡಿದ್ರ
ಮಿರ್ಚಿ ಬಿಟ್ಟು ಬರೇ ಹಿಟ್ಟು, ಸಿಟ್ಟು ನೆತ್ತಿಗಿ ಏರೈತಿ

ಕೊನೆಗೆ ಪ್ರಾಸವೇ ಇಲ್ಲ, ಆದರೆ ಒಳಗೆಲ್ಲ 'ಟ್ಟ' ಬಡಿಯುತ್ತಿದೆ. ಯಾವಾಗ ಬೀಳುತ್ತೋ ಗೊತ್ತಾಗೋದಿಲ್ಲ, ಕಿವಿ ಕಾಯುತ್ತಾ ಕೂರಬೇಕು. ಕನ್ನಡದವರಿಗೆ ಇದು ವಿಚಿತ್ರ ಅನಿಸಬಾರದು. ನಮ್ಮ ಹಳೇ ಕಾವ್ಯದಲ್ಲಿ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ ಇರುತ್ತಿತ್ತು, ಕೊನೆಯಲ್ಲಿ ಅಲ್ಲ. ಪ್ರಾಸಕ್ಕೆ ಕೊನೆಯೇ ಮನೆ ಅಂತ ಯಾರು ಹೇಳಿದ್ದು? ನಾಸ್, ಬಿಗ್ಗಿ, ಎಮಿನೆಮ್ ಎಲ್ಲರೂ ಈ ಒಳಪ್ರಾಸದ ದಾರಿಯಲ್ಲೇ ನಡೆದು ಅದನ್ನ ಇನ್ನಷ್ಟು ಜಟಿಲ ಮಾಡಿದರು.

ಇನ್ನು ನಮ್ಮ ಹುಡುಗನ ಕಾಲದ್ದು:

ಗಿರ್ಮಿಟ್ಟು ಗಿರ್ಮಿಟ್ಟು ತಿನ್ಬೇಕು ತಿನ್ಬೇಕು (ಹಾಂ!)
ದುಡ್ಡಿಲ್ಲ ದುಡ್ಡಿಲ್ಲ ಏನ್ಮಾಡ್ಲಿ ಏನ್ಮಾಡ್ಲಿ (ಯಪ್ಪಾ!)

ಒಂದು ಬೆರಳಿಗೆ ಮೂರು ಅಕ್ಷರ. ಗಿರ್-ಮಿಟ್-ಟು. 2013ರಲ್ಲಿ ಮೈಗೋಸ್ ಅನ್ನೋ ಅಟ್ಲಾಂಟಾ ಕಡೆಯ ಮೂವರು 'ವರ್ಸಾಚೆ' ಹಾಡಿನಿಂದ ಈ ಮೂರರ ನಡೆಯನ್ನ ಮನೆಮನೆಗೆ ಮುಟ್ಟಿಸಿದರು. "ನೋಡ್ ಮಾಮಾ, ನಿಮ್ಮವರಿಗೆ ಇದು ಬರ್ತಿದ್ದಿಲ್ಲ" ಅಂದ ನಮ್ಮವ. ಅಲ್ಲಿ ಮಾತ್ರ ನಾನು ಬಿಡಲಿಲ್ಲ. ಮೆಂಫಿಸ್‌ನ ತ್ರೀ ಸಿಕ್ಸ್ ಮಾಫಿಯಾ 90ರ ದಶಕದಲ್ಲೇ ಇದನ್ನ ಮಾಡಿ ಮುಗಿಸಿತ್ತು. ಹೊಸದು ಅಂತ ಕಂಡದ್ದಕ್ಕೆಲ್ಲ ಒಬ್ಬ ಕಾಕಾ ಇದ್ದೇ ಇರುತ್ತಾನೆ, ಹುಡುಕಿ.

ಆ ಆವರಣದಲ್ಲಿರೋ "ಹಾಂ", "ಯಪ್ಪಾ" ನೋಡಿದಿರಾ? ಮುಖ್ಯ ಗಾಯಕ ಸಾಲು ಬಿಟ್ಟ ಕೂಡಲೇ ಹಿಂದಿನಿಂದ ಒಂದು ಕೂಗು. ಗೀಗೀ ಮೇಳದ ಹಿಮ್ಮೇಳ ಕೇಳಿದವರಿಗೆ ಅದರ ಮಜಾ ಬೇರೆ ಹೇಳಿಕೊಡಬೇಕಿಲ್ಲ.

ಯಂತ್ರ ಯಾವುದು ಅಂತ ತಿಳಿದುಕೊಳ್ಳಿ

ಭಾಳ ಆಳಕ್ಕೆ ಹೋಗಬೇಕಿಲ್ಲ, ಮೂರು ಯಂತ್ರ ಸಾಕು.

1987ರಲ್ಲಿ ಎಸ್‌ಪಿ-1200 ಅನ್ನೋ ಪೆಟ್ಟಿಗೆ ಬಂತು. ಹಳೇ ರೆಕಾರ್ಡಿನ ತುಂಡು ಕತ್ತರಿಸಿ ಅದರಲ್ಲಿ ತುಂಬಿಸಿಕೊಳ್ಳಬಹುದು. ಆದರೆ ಒಟ್ಟು ಜಾಗ ಸುಮಾರು ಹತ್ತು ಸೆಕೆಂಡು! ಅದಕ್ಕೆ ಅವರು ಮಾಡಿದ ಉಪಾಯ ನೋಡಿ: ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನ 45 ಸುತ್ತಿನ ವೇಗದಲ್ಲಿ ಓಡಿಸಿ ತುಂಬಿಸೋದು, ಒಳಗೆ ಹೋದ ಮೇಲೆ ನಿಧಾನ ಮಾಡೋದು. ಜಾಗ ಉಳಿಯಿತು, ಜೊತೆಗೆ ಸದ್ದು ಸ್ವಲ್ಪ ಒರಟಾಯಿತು. ಆ ಕಾಲದ ಹಾಡಿಗೆ ಧೂಳು ಹಿಡಿದ ಹಾಗಿರೋ ರುಚಿ ಬಂದದ್ದಕ್ಕೆ ಇದೂ ಒಂದು ಕಾರಣ. ನಾನು "ಆಹಾ, ಹಳೇದರ ಆತ್ಮ" ಅಂತ ಕಣ್ಣು ಮುಚ್ಚುತ್ತಿದ್ದದ್ದು ಇದಕ್ಕೆ. ಜಾಗದ ಕೊರತೆಗೆ!

ಆಮೇಲೆ 1991ರಲ್ಲಿ ಬಿಜ್ ಮಾರ್ಕಿ ಅನ್ನೋ ರ‍್ಯಾಪರ್ ಇನ್ನೊಬ್ಬರ ಹಾಡಿನ ತುಂಡು ಕೇಳದೇ ಬಳಸಿದ್ದು ಅಮೆರಿಕದ ಕೋರ್ಟಿಗೆ ಹೋಗಿ ತೀರ್ಪು ಅವನ ವಿರುದ್ಧ ಬಂತು. ಅಲ್ಲಿಂದ ತುಂಡು ತೆಗೆದುಕೊಳ್ಳೋದು ಅಂದರೆ ಅನುಮತಿ, ವಕೀಲರು, ದುಡ್ಡು. 1988ರ ಪಬ್ಲಿಕ್ ಎನಿಮಿ ತಂಡದ ಆಲ್ಬಮ್ಮಿನಲ್ಲಿ ಒಂದೇ ಹಾಡಲ್ಲಿ ಹತ್ತಾರು ತುಂಡು ಒಂದರ ಮೇಲೊಂದು ಪೇರಿಸಿದ್ದಾರೆ. ಅಷ್ಟು ದಟ್ಟವಾದದ್ದು ಆಮೇಲೆ ಯಾಕೆ ಅಪರೂಪ ಆಯಿತು ಅಂದರೆ ಕಲೆ ಸೋತಿದ್ದಕ್ಕಲ್ಲ, ಬಿಲ್ಲು ಜಾಸ್ತಿಯಾಗಿದ್ದಕ್ಕೆ.

ಎರಡನೇದು ರೋಲ್ಯಾಂಡ್ ಟಿಆರ್-808. ಜಪಾನಿನ ಡ್ರಮ್ ಯಂತ್ರ, 1980ರಲ್ಲಿ ಬಂದು 1983ಕ್ಕೆ ತಯಾರಿಕೆ ನಿಂತೇಹೋಯಿತು. ನಿಂತ ಯಂತ್ರದ ಸದ್ದು ಇವತ್ತಿಗೂ ಟ್ರ್ಯಾಪ್ ಅನ್ನೋ ಹೊಸ ಬಗೆಯ ರ‍್ಯಾಪ್ ಹಾಡುಗಳ ಬುಡದಲ್ಲಿದೆ. ಇಲ್ಲೊಂದು ಎಚ್ಚರಿಕೆ: 808ರ ಬಾಸು ಫೋನಿನ ಸ್ಪೀಕರಿನಲ್ಲಿ ಬರೋದೇ ಇಲ್ಲ. ಫೋನನ್ನ ಟೇಬಲ್ ಮೇಲಿಟ್ಟು ಕೇಳಿ "ಹೊಸ ರ‍್ಯಾಪಲ್ಲಿ ಏನೂ ಇಲ್ಲ, ಬರೀ ಟಿಕಿಟಿಕಿ" ಅನ್ನೋರನ್ನ ಭಾಳ ಕಂಡಿದ್ದೇನೆ. ನೀವು ಅರ್ಧ ಹಾಡು ಕೇಳಿದ್ದೀರಿ ಸ್ವಾಮಿ. ನಾವಿಬ್ಬರೂ ಒಂದೊಂದು ಕಿವಿಗೆ ಹಾಕಿಕೊಂಡು ಕೇಳ್ತಿದ್ದದ್ದೂ ಅದೇ ತಪ್ಪು. ಎಡಬಲ ಹಂಚಿ ಮಾಡಿದ ಹಾಡಲ್ಲಿ ಒಬ್ಬನಿಗೆ ಬಂದದ್ದು ಇನ್ನೊಬ್ಬನಿಗೆ ಬರುತ್ತಿರಲಿಲ್ಲ. ಈಗ ಒಂದು ಕವಲು ಪಿನ್ನು ತಂದಿದ್ದೇವೆ, ಎರಡು ಇಯರ್‌ಫೋನು ಸಿಕ್ಕಿಸಬಹುದು.

ಮೂರನೇದು ಆಟೋಟ್ಯೂನ್. 1997ರ ಸಾಫ್ಟ್‌ವೇರು. ಶ್ರುತಿ ತಿದ್ದಲಿಕ್ಕೆ ಮಾಡಿದ್ದನ್ನ ಟಿ-ಪೇನ್ ದನಿಯ ಬಣ್ಣ ಬದಲಿಸಲಿಕ್ಕೆ ಬಳಸಿದ, 2008ರಲ್ಲಿ ಕಾನ್ಯೆ ವೆಸ್ಟ್ ಒಂದು ಇಡೀ ಆಲ್ಬಮ್ಮನ್ನೇ ಅದರಲ್ಲಿ ಅತ್ತುಕೊಂಡು ಹಾಡಿದ. ರ‍್ಯಾಪು ಹಾಡಿನ ಕಡೆ ವಾಲಿದ್ದಕ್ಕೆ ಇದು ದೊಡ್ಡ ಕಾರಣ. ಫ್ಯೂಚರ್, ಯಂಗ್ ಥಗ್ ಇವರು ಮಾತು ನುಂಗಿ ದನಿ ಎಳೆಯೋದು ಕೇಳಿ ನಾನು "ಏನಂದ? ಒಂದಕ್ಷರ ತಿಳಿಲಿಲ್ಲ" ಅಂತ ರೇಗಾಡುತ್ತಿದ್ದೆ. ಅದಕ್ಕೆ ನನ್ನ ಅಕ್ಕ, ಹುಡುಗನ ಅವ್ವ, ರೊಟ್ಟಿ ಬಡಿಯುತ್ತಾ ಒಂದು ಮಾತು ಹೇಳಿದಳು: "ಭೀಮಸೇನ ಜೋಶಿಯವರು ತಾನ ತಗಿಯೂದ ನಾಕು ತಾಸು ಕುಂತು ಕೇಳತಿದ್ದಿ. ಅವಾಗೇನ ಅರ್ಥ ಕೇಳಿದ್ದೆನು?" ನಾನು ಗಪ್‌ಚಿಪ್. ರೋಣದಲ್ಲಿ ಹುಟ್ಟಿದ ಭೀಮಸೇನರಿಗೂ ಅಟ್ಲಾಂಟಾದ ಹುಡುಗರಿಗೂ ಹೋಲಿಕೆ ಅಲ್ಲ ಇದು, ಕೇಳೋ ರೀತಿಯ ಮಾತು. ಅಲ್ಲಿ ದನಿಯೇ ವಾದ್ಯ. ಜೈಪುರ-ಅತ್ರೌಳಿ ಘರಾಣೆಯ (ಗಾಯನ ಪರಂಪರೆಯ) ಮಲ್ಲಿಕಾರ್ಜುನ ಮನ್ಸೂರರನ್ನ ಭೀಮಸೇನರ ಕಿರಾಣಾ ಘರಾಣೆಯ ತೂಕದ ಕಲ್ಲಿನಲ್ಲಿ ಧಾರವಾಡದ ಯಾವ ರಸಿಕನೂ ತೂಗೋದಿಲ್ಲ ಅಲ್ವಾ, ಹಾಗೆ.

ಇಸವಿ, ಹೆಸರು ಖಾತ್ರಿ ಮಾಡಿಕೊಳ್ಳಿ

ಇದು ಸಣ್ಣ ವಿಷಯ, ಆದರೆ ನಾನು ಇದರಲ್ಲೇ ಮೂಗು ಕೊಯ್ಯಿಸಿಕೊಂಡವನು. ಕಾಲೇಜಿನಲ್ಲಿದ್ದಾಗ ಒಂದು ಅಂಗಡಿಯಲ್ಲಿ ನೂರೈವತ್ತು ಹಾಡಿನ ಎಂಪಿ3 ಸಿಡಿ ಕೊಂಡಿದ್ದೆ, ಕವರ್ ಮೇಲೆ ಟುಪಾಕ್ ಫೋಟೋ. ಒಳಗಿನ ಅರ್ಧ ಹಾಡಿಗೆ ಸುಮ್ನೆ ಅವನ ಹೆಸರು ಅಂಟಿಸಿದ್ದರು. ವರ್ಷಗಟ್ಟಲೆ ನಾನು ಯಾರದೋ ಹಾಡನ್ನ ಟುಪಾಕ್ ಹಾಡು ಅಂತ ಎಲ್ಲರಿಗೂ ಕೇಳಿಸಿ, ಅದರ ಮೇಲೆ ಭಾಷಣ ಬೇರೆ ಮಾಡಿದ್ದೇನೆ. ಒಂದು ಹಾಡಂತೂ ಅವನು ತೀರಿಕೊಂಡ 1996 ಆದಮೇಲೆ ಬೇರೆಯವರು ಮಾಡಿದ್ದು. ಹುಡುಗ ಫೋನಿನಲ್ಲಿ ಹತ್ತೇ ಸೆಕೆಂಡಿನಲ್ಲಿ ಹಿಡಿದ. ಈಗ ಹಾಡು ಶುರು ಮಾಡೋ ಮೊದಲು ಇಸವಿ, ಊರು, ಬೀಟ್ ಮಾಡಿದವರು ಯಾರು, ಈ ಮೂರು ನೋಡೋದು ರೂಢಿ.

ಒಂದೇ ಕೆಲಸದ ಎರಡು ಹಾಡು ಜೋಡಿಸಿ

ಕುಣಿಸೋ ಹಾಡಿನ ಎದುರು ಅಳಿಸೋ ಹಾಡು ಇಡಬೇಡಿ. ಇದು ಒಳ್ಳೇ ಜೋಳದ ರೊಟ್ಟಿ ಎದುರು ಕೆಟ್ಟ ಪಿಜ್ಜಾ ಇಟ್ಟು ಗೆದ್ದ ಹಾಗೆ. ಹಳೇದರಲ್ಲಿ ಉಳಿದುಬಂದದ್ದು ಒಳ್ಳೇದೇ, ಕಸ ಎಲ್ಲ ಕಾಲ ಗುಡಿಸಿ ಹಾಕಿದೆ. ಈ ವಾರದ ಕಸ ಮಾತ್ರ ಇನ್ನೂ ಅಂಗಳದಲ್ಲೇ ಇದೆ.

ನಾವು ಮಾಡಿದ ಜೋಡಿ ಹೇಳುತ್ತೇನೆ. ಪ್ರತಿಭಟನೆಗೆ ಪ್ರತಿಭಟನೆ: 1989ರ ಪಬ್ಲಿಕ್ ಎನಿಮಿಯ 'ಫೈಟ್ ದ ಪವರ್', 2015ರ ಕೆಂಡ್ರಿಕ್ ಲಮಾರ್ ಹಾಡು 'ಆಲ್‌ರೈಟ್'. ಮೊದಲನೇದು ಮುಷ್ಟಿ ಎತ್ತಿಸುತ್ತದೆ, ಎರಡನೇದು ಹೆಗಲ ಮೇಲೆ ಕೈ ಇಡುತ್ತದೆ. ಎರಡನ್ನೂ ಜನ ಬೀದಿಯಲ್ಲಿ ಹಾಡಿದರು. ಆ ಕೆಂಡ್ರಿಕ್‌ಗೇ 2018ರಲ್ಲಿ 'ಡ್ಯಾಮ್' ಆಲ್ಬಮ್ಮಿಗೆ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಬಂದದ್ದು. ಅಲ್ಲಿಯವರೆಗೆ ಸಂಗೀತದ ಪುಲಿಟ್ಜರ್ ಶಾಸ್ತ್ರೀಯ ಮತ್ತು ಜಾಝ್ ದಾಟಿ ಆಚೆ ಹೋಗಿರಲಿಲ್ಲ.

ಜಗಳಕ್ಕೆ ಜಗಳ, ಇದು ಹುಡುಗನಿಗೆ ಭಾಳ ಹಿಡಿಸಿತು. 2001ರ ಸೆಪ್ಟೆಂಬರಿನಲ್ಲಿ ಜೇ-ಜೀ ತನ್ನ ಆಲ್ಬಮ್ಮಿನಲ್ಲಿ ನಾಸ್‌ಗೆ ಬೈದ. ನಾಸ್ ಆಲ್ಬಮ್ಮಿನಲ್ಲಿ ದೊಡ್ಡ ಉತ್ತರ ಬಂದದ್ದು ಡಿಸೆಂಬರಿಗೆ. ಮೂರು ತಿಂಗಳು ಜನ ಅದೇ ಮಾತಾಡಿಕೊಂಡು ಕಾದರು. 2024ರ ಮೇ ತಿಂಗಳಲ್ಲಿ ಡ್ರೇಕ್ ಹಾಡು ಬಿಟ್ಟ ಒಂದು ಗಂಟೆಯೊಳಗೆ ಕೆಂಡ್ರಿಕ್ ಉತ್ತರ ಬಂತು, ಮರುದಿನ ಇನ್ನೊಂದು. ನಾವು ನಿದ್ದೆ ಮಾಡಿ ಏಳೋದರೊಳಗೆ ಎರಡು ಹಾಡು ಹಿಂದೆ ಬಿದ್ದಿದ್ದೆವು. ಸಾಹಿತ್ಯ ಯಾವುದರದ್ದು ಗಟ್ಟಿ ಅಂದರೆ ನಾನು ಇವತ್ತಿಗೂ ನಾಸ್ ಪರ. ಆದರೆ ಹರದೇಶಿ-ನಾಗೇಶಿಯ ಸವಾಲ್-ಜವಾಬಿನ ಬಿಸಿ ಇದ್ದದ್ದು 2024ರದ್ದರಲ್ಲೇ, ಎದುರಾಳಿ ಅಲ್ಲೇ ನಿಂತಿದ್ದಾನೆ ಅನ್ನೋ ಹಾಗೆ.

ಹೆಣ್ಣುಮಕ್ಕಳನ್ನ ಬೇರೆ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಬೇಡಿ. ಲಾರಿನ್ ಹಿಲ್ 1998ರ ಆಲ್ಬಮ್ಮಿಗೆ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಂ ಪ್ರಶಸ್ತಿ ಗೆದ್ದದ್ದು ಗಂಡಸರನ್ನೂ ಸೇರಿಸಿಯೇ. ಹಾಡು ಮತ್ತು ರ‍್ಯಾಪು ಒಂದೇ ಬಾಯಲ್ಲಿ ಬರೋದು ಈಗಿನ ಫ್ಯಾಷನ್ ಅನ್ನೋರಿಗೆ ಅದನ್ನ ಕೇಳಿಸಿ.

ಕೊನೆಗೆ ನಮ್ಮ ಭಾಷೆಗೆ ಬನ್ನಿ

1992ರಲ್ಲಿ ಬಾಬಾ ಸೆಹಗಲ್ ಹಿಂದಿ ರ‍್ಯಾಪಿನಲ್ಲಿ ನಗಿಸಿದ್ದು, 2012ರಲ್ಲಿ ಬೆಂಗಳೂರಿನ ಬ್ರೋಧಾ ವಿ ಇಂಗ್ಲಿಷಿನ ನಡುವೆ ರಾಮನ ಸ್ತುತಿ ತಂದದ್ದು, 2015ರಲ್ಲಿ ಮುಂಬೈನ ಡಿವೈನ್ ಮತ್ತು ನೇಝಿ ಗಲ್ಲಿಯ ಮಾತು ಹಿಡಿದದ್ದು, 2024ರಲ್ಲಿ ಹನುಮಾನ್‌ಕೈಂಡ್ ವಿಡಿಯೋಗೆ ಜಾತ್ರೆಯ ಮೌತ್ ಕಾ ಕುಂವಾ (ಗೋಡೆ ಮೇಲೆ ಬೈಕು ಓಡಿಸೋ ಸಾವಿನ ಬಾವಿ) ಒಳಗೆ ಇಳಿದದ್ದು, ಇಷ್ಟನ್ನ ಇಸವಿ ಪ್ರಕಾರ ಕೇಳಿದರೆ ತಲೆಮಾರು ಬದಲಾಗೋದು ಕಿವಿಗೇ ಗೊತ್ತಾಗುತ್ತದೆ. ಕನ್ನಡದಲ್ಲಿ ಚಂದನ್ ಶೆಟ್ಟಿ, ಆಲ್ ಓಕೆ ಬಂದ ಮೇಲೆ ರ‍್ಯಾಪ್ ಅನ್ನೋ ಪದ ಮನೆಯ ಹಿರಿಯರಿಗೂ ಗೊತ್ತಾಯಿತು.

ಆದರೆ ಹುಬ್ಬಳ್ಳಿ ಬಾಯಿಗೆ ಅದರಲ್ಲಿ ಜಾಗ ಎಷ್ಟು? ಇದಕ್ಕೆ ಒಂದು ಹಳೇ ಪ್ರಸಂಗ ನೆನಪಿಸುತ್ತೇನೆ. 1995ರಲ್ಲಿ ನ್ಯೂಯಾರ್ಕಿನ ಒಂದು ಪ್ರಶಸ್ತಿ ಸಮಾರಂಭದಲ್ಲಿ ಅಟ್ಲಾಂಟಾದ ಔಟ್‌ಕಾಸ್ಟ್ ಗೆದ್ದಾಗ ಸಭೆ ಹೋ ಅಂತ ಹೀಯಾಳಿಸಿತು. ಆಗ ರ‍್ಯಾಪ್ ಅಂದರೆ ನ್ಯೂಯಾರ್ಕ್, ಇಲ್ಲಾಂದ್ರೆ ಲಾಸ್ ಏಂಜಲೀಸ್. ಔಟ್‌ಕಾಸ್ಟ್ ಜೋಡಿಯ ಒಬ್ಬ, 'ಆಂದ್ರೆ 3000' ಅನ್ನೋ ಹೆಸರಿನವನು, ಮೈಕಿನಲ್ಲಿ ಅಮೆರಿಕದ ದಕ್ಷಿಣದವರಿಗೂ ಹೇಳೋದಿದೆ ಅಂದ. ಆಮೇಲಿನ ಇಪ್ಪತ್ತು ವರ್ಷ ಅಟ್ಲಾಂಟಾದ್ದೇ ಆಯಿತು. ಅಲ್ಲಿನ ದಕ್ಷಿಣ ಅಂದರೆ ಇಲ್ಲಿನ ಉತ್ತರ ಕರ್ನಾಟಕ ಅಂತ ತಿರುಗಿಸಿ ಓದಿಕೊಳ್ಳಿ.

ನಮ್ಮ ಮಾತಿನಲ್ಲಿ ರ‍್ಯಾಪಿಗೆ ಬೇಕಾದ್ದು ಬೇಕಾದಷ್ಟಿದೆ. 'ಹೋಗುತ್ತೇನೆ' ಅನ್ನೋದು ನಾಲ್ಕು ಅಕ್ಷರ, 'ಹೊಕ್ಕೇನಿ' ಮೂರು, ನಡುವೆ ಒಂದು ಪೆಟ್ಟು ಬೇರೆ. ನೀವೇ ಮಾಡಿ ನೋಡಿ: ಒಂದೇ ವಿಷಯದ ಎರಡು ಸಾಲನ್ನ ಮೊದಲು ಕೊನೆಪ್ರಾಸದಲ್ಲಿ, ಆಮೇಲೆ ಒಳಪ್ರಾಸದಲ್ಲಿ, ಆಮೇಲೆ ಮೂರರ ನಡೆಯಲ್ಲಿ ಕಟ್ಟಿ. ಬೆರಳ ಮೇಲೆ ಎಣಿಸುತ್ತಾ ಜೋರಾಗಿ ಹೇಳಿ. ಬಸ್ಸಿನಲ್ಲಿ ಬೇಡ, ನವನಗರದ ಹತ್ತಿರ ಒಬ್ಬ ಅಜ್ಜಿ ನಮ್ಮಿಬ್ಬರನ್ನೂ ನೋಡಿ ಸೀಟು ಬದಲಿಸಿದ್ದಾರೆ.

ನಾಳೆ ಹಾಡು ಆರಿಸೋ ಪಾಳಿ ಹುಡುಗನದು. 2010ರ ಈಚೆಯದ್ದೇ ಹಾಕುತ್ತಾನಂತೆ, ಮೂರು ಸಲ ಕೇಳೋವರೆಗೆ ನಾನು ಬಾಯಿ ಬಿಡೋ ಹಾಗಿಲ್ಲ. ಸತ್ತೂರು ದಾಟೋವರೆಗೆ ತಡೆದುಕೊಳ್ಳಬಹುದು ಅನಿಸುತ್ತದೆ.